ರಾಯಭಾರದ ಕೆಲಸ ಮತ್ತು ನಮ್ಮ ಹೆಣ್ಣುಮಕ್ಕಳು

(ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಮೇಷ್ಟ್ರುಗಳ, ಟೀಚರುಗಳ ಕೈಗೆ ಮೈಕು ಕೊಟ್ಟರೆ ಬೆಲ್ಲು ಹೊಡೆದರೂ ಬಿಡುವುದಿಲ್ಲ ಎಂಬ ಮಾತಿದೆ. ಊಟಕ್ಕೆ ತಡ ಮಾಡದೆ ಮುಗಿಸುತ್ತೇವೆ.

ಮುಂದೆ ಏನಾಗುತ್ತೀರಿ ಎಂದು ತರಗತಿಯಲ್ಲಿ ಹೆಣ್ಣುಮಕ್ಕಳನ್ನು ಕೇಳುವುದು ನಮ್ಮಂಥ ಶಿಕ್ಷಕರ ಹಳೆಯ ಅಭ್ಯಾಸ. ಡಾಕ್ಟರ್, ಟೀಚರ್, ಇಂಜಿನಿಯರ್, ನರ್ಸ್ ಎನ್ನುತ್ತಾರೆ. ಈಚೆಗೆ ಚಾರ್ಟರ್ಡ್ ಅಕೌಂಟೆಂಟ್ ಎನ್ನುವವರೂ ಇದ್ದಾರೆ. ಎಲ್ಲವೂ ಒಳ್ಳೆಯ ಕೆಲಸಗಳೇ. ಆದರೆ ದೇಶದ ರಾಯಭಾರಿಯಾಗುತ್ತೇನೆ ಎಂದ ಒಬ್ಬ ಹುಡುಗಿಯೂ ನಮಗೆ ಸಿಗಲಿಲ್ಲ. ಬುದ್ಧಿ ಇಲ್ಲದೆ ಅಲ್ಲ, ಆ ಬಾಗಿಲು ತಮಗೂ ಇದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಅದನ್ನು ಹೇಳಲೆಂದೇ ಇಂದು ಈ ವಿಷಯವನ್ನು ಆರಿಸಿಕೊಂಡಿದ್ದೇವೆ.

ವಿದೇಶಾಂಗ ನೀತಿ ಎಂದರೆ ದೆಹಲಿಯ ದೊಡ್ಡ ಕಟ್ಟಡಗಳಲ್ಲಿ ನಡೆಯುವ ಮಾತುಕತೆ, ನಮಗೇಕೆ ಅದು ಎಂದು ಕೆಲವರಿಗೆ ಅನಿಸಬಹುದು. ನಿಜವಾಗಿ ನೋಡಿದರೆ ಅದು ನಮ್ಮ ಮನೆಯ ಹೊಸ್ತಿಲಲ್ಲೇ ಇದೆ. ಈ ಸಭೆಯಲ್ಲಿ ಕುಳಿತ ಎಷ್ಟೋ ಮನೆಗಳ ಗಂಡ, ಅಣ್ಣ, ಮಗ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾರೆ. ಅಲ್ಲಿ ಸಂಬಳ ನಿಂತರೆ, ಮಾಲೀಕ ಪಾಸ್‌ಪೋರ್ಟ್ ಇಟ್ಟುಕೊಂಡರೆ, ಜೈಲಿಗೆ ಹೋಗುವಂತಾದರೆ, ಅಲ್ಲಾಹನು ಕಾಪಾಡಲಿ, ಯಾರಾದರೂ ತೀರಿಹೋದರೆ ಮಯ್ಯಿತ್ ಊರಿಗೆ ತರಬೇಕಾದರೆ, ಹೋಗಬೇಕಾದ್ದು ಭಾರತದ ರಾಯಭಾರ ಕಚೇರಿಗೆ. ಕಷ್ಟದಲ್ಲಿರುವ ವಲಸಿಗರಿಗಾಗಿ 2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಆರಂಭವಾಯಿತು. ದೂರು ಸಲ್ಲಿಸಲು 2015ರಲ್ಲಿ 'ಮದದ್' ಎಂಬ ಆನ್‌ಲೈನ್ ವ್ಯವಸ್ಥೆ ಬಂತು. ಇಂಥ ಹೆಸರುಗಳನ್ನು ಮನೆಯವರು ತಿಳಿದಿಟ್ಟುಕೊಳ್ಳಬೇಕು.

ಮನೆಗೆಲಸಕ್ಕೆ ಹೋದ ಒಬ್ಬ ಹೆಂಗಸು ಓಡಿಬಂದು ಆ ಕಚೇರಿಯ ಬಾಗಿಲು ತಟ್ಟಿದಾಗ, ಮೇಜಿನ ಆಚೆ ಕುಳಿತ ಅಧಿಕಾರಿಯೂ ಹೆಂಗಸಾಗಿದ್ದರೆ ಅವಳು ಹೇಳುವ ಮಾತೇ ಬೇರೆಯಾಗುತ್ತದೆ. ಕೆಲವು ನೋವುಗಳನ್ನು ಹೆಂಗಸರು ಹೆಂಗಸರಿಗೆ ಮಾತ್ರ ಹೇಳುತ್ತಾರೆ. ಈ ಕೆಲಸದಲ್ಲಿ ಮಹಿಳೆಯರು ಇರಬೇಕು ಎನ್ನುವುದಕ್ಕೆ ಬೇರೆ ದೊಡ್ಡ ತತ್ವ ಬೇಕಿಲ್ಲ, ಇದೊಂದು ಕಾರಣ ಸಾಕು.

ಇದು ಹೆಂಗಸರಿಗೆ ಹೊಸ ಕೆಲಸವೂ ಅಲ್ಲ. ಪವಿತ್ರ ಕುರ್‌ಆನಿನ ಅನ್ನಮ್ಲ್ ಅಧ್ಯಾಯದಲ್ಲಿ ಬರುವ ಸಬಾ ದೇಶದ ರಾಣಿಯ ವೃತ್ತಾಂತ ಮಕ್ಕಳಿಗೂ ಗೊತ್ತು. ಪ್ರವಾದಿ ಸುಲೈಮಾನರ(ಅ) ಪತ್ರ ಬಂದಾಗ ಆಕೆ ಒಬ್ಬಳೇ ತೀರ್ಮಾನ ಮಾಡಲಿಲ್ಲ. ಪ್ರಮುಖರನ್ನು ಕರೆದು ಸಲಹೆ ಕೇಳಿದಳು. ಅವರು ತಮ್ಮ ಬಲದ ಮಾತಾಡಿದರು. ಆಕೆ ಯುದ್ಧದಿಂದ ಊರಿಗೆ ಆಗುವ ಹಾನಿಯನ್ನು ಯೋಚಿಸಿ, ಮೊದಲು ಉಡುಗೊರೆಯೊಂದಿಗೆ ದೂತರನ್ನು ಕಳಿಸಿದಳು. ಹಿಜರಿ 6ನೇ ವರ್ಷದ ಹುದೈಬಿಯಾ ಒಪ್ಪಂದವನ್ನೂ ನೆನೆಯಬೇಕು. ಒಪ್ಪಂದದ ಷರತ್ತುಗಳಿಂದ ಸಹಾಬಿಗಳು ಬಹಳ ನೊಂದಿದ್ದರು. ಬಲಿ ಕೊಟ್ಟು ತಲೆ ಬೋಳಿಸಿಕೊಳ್ಳಿ ಎಂದು ಪ್ರವಾದಿವರ್ಯರು(ಸ) ಹೇಳಿದಾಗಲೂ ಯಾರೂ ಏಳಲಿಲ್ಲ. ಆಗ ಪತ್ನಿ ಉಮ್ಮು ಸಲಮಾ(ರ) ಒಂದು ಸಲಹೆ ಕೊಟ್ಟರು: ಯಾರೊಡನೆಯೂ ಮಾತಾಡದೆ ತಾವೇ ಮೊದಲು ಹೋಗಿ ಹಾಗೆ ಮಾಡಿರಿ. ಪ್ರವಾದಿವರ್ಯರು(ಸ) ಆ ಸಲಹೆಯಂತೆ ನಡೆದರು, ನೋಡಿದವರೆಲ್ಲ ಎದ್ದು ಅನುಸರಿಸಿದರು. ಅಷ್ಟು ಬಿಗಿಯಾದ ಗಳಿಗೆಯಲ್ಲಿ ಜನರ ಮನಸ್ಸನ್ನು ಓದಿದ್ದು ಒಬ್ಬ ಮಹಿಳೆ.

ಇನ್ನು ನಮ್ಮ ಕಾಲಕ್ಕೆ ಬರೋಣ. ವಿಶ್ವಸಂಸ್ಥೆ 1948ರ ಡಿಸೆಂಬರ್ 10ರಂದು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಒಪ್ಪಿಕೊಂಡಿತು. ಅದರ ಮೊದಲ ವಿಧಿಯ ಕರಡಿನಲ್ಲಿ ಸ್ವತಂತ್ರರಾಗಿ, ಸಮಾನರಾಗಿ ಹುಟ್ಟುವವರನ್ನು ಹೇಳುವಾಗ ಗಂಡಸರು ಎಂದೂ ಅರ್ಥ ಬರುವ ಇಂಗ್ಲಿಷ್ ಪದವನ್ನು ಬಳಸಲಾಗಿತ್ತು. ಭಾರತದ ಪ್ರತಿನಿಧಿ ಹಂಸಾ ಮೆಹ್ತಾ ಒಪ್ಪಲಿಲ್ಲ. ಅದು ಮನುಷ್ಯರೆಲ್ಲರೂ ಎಂದಾಗಬೇಕೆಂದು ಪಟ್ಟು ಹಿಡಿದರು. ಪದ ಬದಲಾಯಿತು, ಇಂದು ಜಗತ್ತೆಲ್ಲ ಓದುವುದು ಆ ಬದಲಾದ ಪದವನ್ನೇ. ಅದಕ್ಕೆ ಒಂದು ವರ್ಷ ಮೊದಲು, 1947ರಲ್ಲಿ, ವಿಶ್ವಸಂಸ್ಥೆಯ ಮಹಿಳಾ ಸ್ಥಾನಮಾನ ಆಯೋಗದ ಮೊದಲ ಅಧಿವೇಶನದಲ್ಲಿ ಭಾರತದ ಪರವಾಗಿ ಕುಳಿತವರು ಬೇಗಂ ಶರೀಫಾ ಹಮೀದ್ ಅಲಿ. ಕಲ್ಕತ್ತೆಯಲ್ಲಿ ಹುಟ್ಟಿ, ಲಂಡನ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಪಡೆದ ಶಾಯಿಸ್ತಾ ಇಕ್ರಾಮುಲ್ಲಾ ಪಾಕಿಸ್ತಾನದ ಪ್ರತಿನಿಧಿಯಾಗಿ ಅದೇ ಘೋಷಣೆಯ ಚರ್ಚೆಯಲ್ಲಿ ಭಾಗವಹಿಸಿದರು. ಮುಂದೆ ಮೊರಾಕ್ಕೊ ದೇಶಕ್ಕೆ ರಾಯಭಾರಿಯಾದರು. ಮುಸ್ಲಿಂ ಮಹಿಳೆಯರಿಗೂ ಈ ಕೆಲಸಕ್ಕೂ ಸಂಬಂಧವಿಲ್ಲ ಎನ್ನುವವರಿಗೆ ಈ ಹೆಸರುಗಳನ್ನು ಹೇಳಬೇಕು.

ಒಂದು ಮಾತನ್ನು ಮಕ್ಕಳು ಗಮನಿಸಬೇಕು. ರಾಯಭಾರಿಯಾಗಲು ಎರಡು ದಾರಿಗಳಿವೆ. ಸರ್ಕಾರ ಗಣ್ಯರನ್ನು ನೇರವಾಗಿ ನೇಮಿಸುವುದು ಒಂದು. ವಿಜಯಲಕ್ಷ್ಮಿ ಪಂಡಿತ್ ಅವರು ಹಾಗೆ 1947ರಲ್ಲಿ ಮಾಸ್ಕೋಗೆ, ಆಮೇಲೆ ವಾಷಿಂಗ್ಟನ್ನಿಗೆ ಹೋದರು. 1953ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಮೊದಲ ಮಹಿಳಾ ಅಧ್ಯಕ್ಷರಾದರು. ದೊಡ್ಡ ಸಾಧನೆ. ಆದರೆ ಅವರು ಮೋತಿಲಾಲ್ ನೆಹರೂ ಅವರ ಮಗಳು, ಪ್ರಧಾನಿಯ ತಂಗಿ. ನಮ್ಮ ನಿಮ್ಮ ಮನೆಯ ಹುಡುಗಿಗೆ ಆ ದಾರಿ ಸಿಗುವುದಿಲ್ಲ. ಎರಡನೆಯದು ಪರೀಕ್ಷೆಯ ದಾರಿ. ಅಲ್ಲಿ ತಂದೆ ಯಾರೆಂದು ಕೇಳುವುದಿಲ್ಲ. ಆ ದಾರಿಯಲ್ಲಿ ಮೊದಲು ನಡೆದ ಹೆಣ್ಣುಮಗಳು ನಮ್ಮ ಕರ್ನಾಟಕದವರು, ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ. ಅವರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇವೆ. ನಮ್ಮ ಮಕ್ಕಳು ತಿಳಿಯಬೇಕಾದ ಜೀವನ ಅದು.

ಮುತ್ತಮ್ಮನವರ ತಂದೆ ಅರಣ್ಯಾಧಿಕಾರಿ. ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ತೀರಿಕೊಂಡರು. ತಾಯಿ ನಾಲ್ಕು ಮಕ್ಕಳನ್ನೂ ಓದಿಸುವ ಹಟ ತೊಟ್ಟರು. ಮಗಳು ಮಡಿಕೇರಿಯ ಶಾಲೆಯಲ್ಲಿ ಓದಿ, ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪದವಿ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದರು. 1948ರಲ್ಲಿ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ತೇರ್ಗಡೆಯಾದ ದೇಶದ ಮೊದಲ ಮಹಿಳೆ ಅವರು. ತಂದೆಯಿಲ್ಲದ ಮನೆಯ ಮಗಳು, ಓದಿಸಿದ್ದು ತಾಯಿ. ಇಲ್ಲಿ ಕುಳಿತ ಕೆಲವು ತಾಯಂದಿರಿಗೆ ಈ ಮಾತು ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥವಾಗುತ್ತದೆ.

ಪರೀಕ್ಷೆ ಪಾಸಾದ ಮೇಲೂ ಬಾಗಿಲು ಸಲೀಸಾಗಿ ತೆರೆಯಲಿಲ್ಲ. ಹೆಂಗಸಾದ ನಿನಗೆ ವಿದೇಶಾಂಗ ಸೇವೆ ಬೇಡ ಎಂದು ಸಂದರ್ಶನದಲ್ಲೇ ಅವರ ಮನಸ್ಸು ತಿರುಗಿಸಲು ನೋಡಿದರು. ಅವರು ಜಗ್ಗಲಿಲ್ಲ. 1949ರಲ್ಲಿ ಸೇವೆಗೆ ಸೇರುವಾಗ ಒಂದು ಮುಚ್ಚಳಿಕೆ ಬರೆದುಕೊಡಬೇಕಾಯಿತು: ಮದುವೆಯಾದರೆ ಕೆಲಸಕ್ಕೆ ರಾಜೀನಾಮೆ ಕೊಡುತ್ತೇನೆ ಎಂದು. ಅವರ ಜೊತೆಗೆ ಸೇರಿದ ಗಂಡಸರು ಯಾರೂ ಇಂಥ ಮುಚ್ಚಳಿಕೆ ಬರೆಯಲಿಲ್ಲ.

ಆಮೇಲೆ 1961ರಲ್ಲಿ ನಿಯಮಗಳೇ ಲಿಖಿತವಾಗಿ ಬಂದವು. ಮಹಿಳಾ ಅಧಿಕಾರಿ ಮದುವೆಯಾಗುವ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಮದುವೆಯಾದ ಮೇಲೆ ಮನೆಯ ಜವಾಬ್ದಾರಿಗಳು ಕೆಲಸಕ್ಕೆ ಅಡ್ಡಿಯಾಗುತ್ತವೆ ಎಂದು ಸರ್ಕಾರಕ್ಕೆ ಅನಿಸಿದರೆ ರಾಜೀನಾಮೆ ಕೇಳಬಹುದು. ವಿವಾಹಿತ ಮಹಿಳೆಗೆ ಈ ಸೇವೆಗೆ ನೇಮಕವಾಗುವ ಹಕ್ಕೇ ಇಲ್ಲ. ಸಂವಿಧಾನ ಬಂದು ಹತ್ತು ವರ್ಷ ದಾಟಿದ ಮೇಲೆ ಬರೆದ ನಿಯಮಗಳಿವು.

ಮುತ್ತಮ್ಮನವರು ಪ್ಯಾರಿಸ್, ರಂಗೂನ್, ಲಂಡನ್‌ಗಳಲ್ಲಿ ಕೆಲಸ ಮಾಡಿದರು. 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಸೇವೆಯ ಒಳಗಿನಿಂದಲೇ ಮೇಲೇರಿ ರಾಯಭಾರಿಯಾದ ಮೊದಲ ಭಾರತೀಯ ಮಹಿಳೆ ಅವರು. ಮುಂದೆ ಘಾನಾಕ್ಕೂ ಹೋದರು. ಆದರೆ ಅತ್ಯುನ್ನತ ದರ್ಜೆಯ ಬಡ್ತಿ ಬರುವ ಹೊತ್ತಿಗೆ ಅರ್ಹತೆ ಸಾಲದು ಎಂದು ಅವರನ್ನು ಬಿಟ್ಟರು, ಕಿರಿಯರು ಮುಂದೆ ಹೋದರು. ಮೂವತ್ತು ವರ್ಷ ದೇಶದ ಪರವಾಗಿ ಮಾತಾಡಿದವರು ಆಗ ತಮ್ಮ ಪರವಾಗಿ ಮಾತಾಡಲು ಸುಪ್ರೀಂ ಕೋರ್ಟಿಗೆ ಹೋದರು.

1979ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತೀರ್ಪು ಬರೆದರು. ಪ್ರಕರಣ ನ್ಯಾಯಾಲಯದಲ್ಲಿ ಇರುವಾಗಲೇ ಸರ್ಕಾರ ಬಡ್ತಿ ಕೊಟ್ಟಾಗಿತ್ತು. ನೇಮಕದ ಹಕ್ಕು ಇಲ್ಲವೆನ್ನುತ್ತಿದ್ದ ನಿಯಮವನ್ನು 1973ರಲ್ಲೇ ತೆಗೆದಿದ್ದೇವೆ, ಅನುಮತಿಯ ನಿಯಮವನ್ನೂ ತೆಗೆಯುತ್ತೇವೆ ಎಂದು ಸರ್ಕಾರದ ಪರ ವಕೀಲರು ತಿಳಿಸಿದರು. ಆದ್ದರಿಂದ ಅರ್ಜಿ ವಜಾ ಆಯಿತು. ಆದರೂ ನ್ಯಾಯಾಲಯ ಸುಮ್ಮನಾಗಲಿಲ್ಲ. ಮನೆಯ ಜವಾಬ್ದಾರಿ ಹೆಂಗಸಿನ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದಾದರೆ ಗಂಡಸಿಗೂ ಆಗಬೇಕಲ್ಲವೇ, ಮದುವೆಗೆ ಆಕೆಗೆ ಮಾತ್ರ ಅನುಮತಿ ಏಕೆ ಎಂದು ಕೇಳಿತು. ಅವರ ಜ್ಯೇಷ್ಠತೆಯನ್ನು ಮರುಪರಿಶೀಲಿಸಲು ಹೇಳಿತು. ಒಬ್ಬೊಬ್ಬರೂ ಕೋರ್ಟಿಗೆ ಬರಲಿ ಎಂದು ಕಾಯದೆ, ಸೇವಾ ನಿಯಮಗಳಲ್ಲಿ ಎಲ್ಲೆಲ್ಲಿ ಹೆಣ್ಣು ಗಂಡೆಂಬ ತಾರತಮ್ಯವಿದೆಯೋ ಅಲ್ಲೆಲ್ಲ ತೆಗೆದುಹಾಕಿ ಎಂದು ಸರ್ಕಾರಕ್ಕೆ ತಿಳಿಹೇಳಿತು.

ಮುತ್ತಮ್ಮನವರು ನೆದರ್‌ಲ್ಯಾಂಡ್ಸ್ ದೇಶಕ್ಕೆ ರಾಯಭಾರಿಯಾಗಿ, 1982ರಲ್ಲಿ ನಿವೃತ್ತರಾದರು. ಸ್ವೀಡನ್ನಿನ ಓಲೋಫ್ ಪಾಮೆ ಅವರ ಅಧ್ಯಕ್ಷತೆಯ ಅಂತರರಾಷ್ಟ್ರೀಯ ನಿಶ್ಶಸ್ತ್ರೀಕರಣ ಆಯೋಗದಲ್ಲಿ ಸದಸ್ಯರಾಗಿದ್ದರು. ದೆಹಲಿಯಲ್ಲಿದ್ದ ತಮ್ಮ ಜಮೀನನ್ನು ಅನಾಥ ಮಕ್ಕಳ ಆಶ್ರಯಕ್ಕಾಗಿ ಮದರ್ ತೆರೇಸಾ ಅವರ ಸಂಸ್ಥೆಗೆ ದಾನ ಕೊಟ್ಟರು. ಕೊಡವರ ಅಡುಗೆಯ ಬಗ್ಗೆ ಪುಸ್ತಕವನ್ನೂ ಬರೆದರು. 2009ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಅವರ ನಂತರ ಬಂದವರಿಗೆ ದಾರಿ ಅಗಲವಾಯಿತು. ಆದರೂ ಮೊದಲ ಮಹಿಳಾ ವಿದೇಶಾಂಗ ಕಾರ್ಯದರ್ಶಿಯನ್ನು ಕಾಣಲು ದೇಶ 2001ರವರೆಗೆ ಕಾಯಬೇಕಾಯಿತು. ಅವರು ಚೋಕಿಲಾ ಅಯ್ಯರ್. ಎರಡನೆಯವರು ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದ ನಿರುಪಮಾ ರಾವ್. 1973ರಲ್ಲಿ ಸೇವೆಗೆ ಬಂದು, ವಿದೇಶಾಂಗ ಸಚಿವಾಲಯದ ಮೊದಲ ಮಹಿಳಾ ವಕ್ತಾರರಾಗಿ, ಚೀನಾಕ್ಕೆ ರಾಯಭಾರಿಯಾಗಿ, 2009ರಿಂದ 2011ರವರೆಗೆ ವಿದೇಶಾಂಗ ಕಾರ್ಯದರ್ಶಿಯಾಗಿ ಕೆಲಸ ಮಾಡಿದರು. ಸುಷ್ಮಾ ಸ್ವರಾಜ್ ವಿದೇಶಾಂಗ ಸಚಿವೆಯಾಗಿದ್ದಾಗ, 2015ರಲ್ಲಿ, ಯೆಮನ್ ಯುದ್ಧದ ನಡುವಿನಿಂದ 4,600ಕ್ಕೂ ಹೆಚ್ಚು ಭಾರತೀಯರನ್ನು, ಜೊತೆಗೆ ಬೇರೆ ದೇಶಗಳ ನೂರಾರು ಜನರನ್ನು ಹೊರತರಲಾಯಿತು. 2022ರಲ್ಲಿ ರುಚಿರಾ ಕಾಂಬೋಜ್ ವಿಶ್ವಸಂಸ್ಥೆಯಲ್ಲಿ ಭಾರತದ ಮೊದಲ ಮಹಿಳಾ ಕಾಯಂ ಪ್ರತಿನಿಧಿಯಾದರು. 1991ರ ತಂಡದ ನಗ್ಮಾ ಮಲ್ಲಿಕ್ ಟುನೀಶಿಯಾ, ಬ್ರೂನೈ, ಪೋಲೆಂಡ್ ದೇಶಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು. ಈ ಕೊನೆಯ ಹೆಸರನ್ನು ನಮ್ಮ ಹೆಣ್ಣುಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ.

ಈಗ ಮನೆಯ ಮಾತು. ಸರ್ಕಾರದ ಪುಸ್ತಕದಿಂದ ಆ ನಿಯಮ ಹೋಗಿ ದಶಕಗಳೇ ಆದವು. ನಮ್ಮ ಮನೆಗಳಿಂದ ಹೋಗಿದೆಯೇ? ಪದವಿಗೆ ಸೇರಿಸುವಾಗಲೇ, ಒಳ್ಳೆಯ ಸಂಬಂಧ ಬಂದರೆ ಓದು ಬಿಡಬೇಕು ಎಂದು ಹುಡುಗಿಯಿಂದ ಮಾತು ತೆಗೆದುಕೊಳ್ಳುವ ಮನೆಗಳು ಇನ್ನೂ ಇವೆ. ಕಾಗದವಿಲ್ಲ, ಸಹಿಯಿಲ್ಲ, ಆದರೂ ಅದು ಮುಚ್ಚಳಿಕೆಯೇ. ಅಣ್ಣತಮ್ಮಂದಿರು ಅಂಥ ಮುಚ್ಚಳಿಕೆ ಕೊಡುವುದಿಲ್ಲ. ನಮ್ಮ ಸೇವಾವಧಿಯಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲಿಗರಾದ ಹುಡುಗಿಯರು ಪಿಯುಸಿ ಮುಗಿಯುವುದರೊಳಗೆ ಕಾಣೆಯಾಗುವುದನ್ನು ಎಷ್ಟೋ ಸಲ ನೋಡಿದೆವು. ಆಮೇಲೆ ಅವರನ್ನು ಪೇಟೆಯಲ್ಲಿ ಮಗುವಿನ ಕೈ ಹಿಡಿದುಕೊಂಡು ಬರುವಾಗ ಕಂಡೆವು. ಟೀಚರ್, ನನ್ನ ಮಗಳನ್ನು ಓದಿಸುತ್ತೇನೆ ಎನ್ನುತ್ತಿದ್ದರು. ಅವರ ಸಂಸಾರ ಚೆನ್ನಾಗಿಯೇ ಇತ್ತು, ಅದಕ್ಕೆ ಸಂತೋಷ. ಆದರೆ ಆ ಒಂದು ವಾಕ್ಯದೊಳಗೆ ಏನಿತ್ತು ಎಂದು ತಂದೆತಾಯಂದಿರು ಯೋಚಿಸಬೇಕು.

ಮದುವೆ ಬೇಡ ಎಂದು ನಾವು ಹೇಳುತ್ತಿಲ್ಲ. ಮದುವೆ ಸುನ್ನತ್ತು, ಅದು ಆಗಲಿ. ನಿಕಾಹ್‌ನ ಮಾತುಕತೆಗೆ ಕುಳಿತಾಗ ಒಡವೆ, ಹಾಲು, ಊಟದ ಜೊತೆಗೆ ಓದಿನ ಮಾತನ್ನೂ ಎತ್ತಿರಿ. ಹುಡುಗಿ ಪದವಿ ಮುಗಿಸುತ್ತಾಳೆ, ಪರೀಕ್ಷೆಗಳನ್ನು ಬರೆಯುತ್ತಾಳೆ ಎಂದು ಹಿರಿಯರ ಮುಂದೆ ಮಾತು ಪಡೆಯಿರಿ. ಬರೆಯಿಸಬೇಕಾದ ಮುಚ್ಚಳಿಕೆ ಇದ್ದರೆ ಅದು ಇದೇ.

ಇನ್ನು ಮಕ್ಕಳಿಗೆ ಕೆಲವು ಪ್ರಾಯೋಗಿಕ ವಿಷಯಗಳು.

ವಿದೇಶಾಂಗ ಸೇವೆಗೆ ಬೇರೆ ಪರೀಕ್ಷೆಯಿಲ್ಲ. ಐಎಎಸ್, ಐಪಿಎಸ್‌ಗೆ ಇರುವ ನಾಗರಿಕ ಸೇವಾ ಪರೀಕ್ಷೆಯೇ ಇದಕ್ಕೂ. ಯಾವುದೇ ವಿಷಯದಲ್ಲಿ ಪದವಿ ಸಾಕು. ವಯಸ್ಸು 21 ತುಂಬಿರಬೇಕು. ಸಾಮಾನ್ಯ ವರ್ಗಕ್ಕೆ 32ರವರೆಗೆ ಆರು ಅವಕಾಶಗಳಿವೆ, ಮೀಸಲಾತಿ ವರ್ಗಗಳಿಗೆ ಸಡಿಲಿಕೆ ಇದೆ. ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಆದರೆ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಕೊಡಬಹುದು. ಐಚ್ಛಿಕ ವಿಷಯವಾಗಿ ಕನ್ನಡ ಸಾಹಿತ್ಯವೂ ಇದೆ. ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದೆ ಎಂದು ಯಾರೂ ಕುಗ್ಗಬೇಕಿಲ್ಲ. ಇಂಗ್ಲಿಷ್ ಮಾತ್ರ ಬಿಡಬೇಡಿ. ಒಂದು ಕನ್ನಡ, ಒಂದು ಇಂಗ್ಲಿಷ್ ದಿನಪತ್ರಿಕೆಯನ್ನು ದಿನವೂ ಓದಿ, ವಿದೇಶಿ ಸುದ್ದಿಯ ಪುಟವನ್ನು ಹಾರಿಸಬೇಡಿ. ಗೋಡೆಗೆ ಒಂದು ಭೂಪಟ ಅಂಟಿಸಿ, ಸುದ್ದಿಯಲ್ಲಿ ಬಂದ ದೇಶವನ್ನು ಅದರಲ್ಲಿ ಹುಡುಕಿ. ಸಮಾಜ ವಿಜ್ಞಾನ ಕಲಿಸಿದ ನಮಗೆ ಗೊತ್ತಿರುವ ಅತ್ಯಂತ ಅಗ್ಗದ ಕೋಚಿಂಗ್ ಇದು.

ಸೇವೆಗೆ ಆಯ್ಕೆಯಾದವರು ಒಂದು ವಿದೇಶಿ ಭಾಷೆ ಕಲಿಯಲೇಬೇಕು. ಅವುಗಳಲ್ಲಿ ಅರಬಿಯೂ ಒಂದು. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಅರಬಿಯೂ ಸೇರಿದೆ, 1973ರಿಂದ. ನಮ್ಮ ಮಕ್ಕಳು ಮದ್ರಸಾದಲ್ಲಿ ಅಕ್ಷರ ಕಲಿತಿದ್ದಾರೆ, ಉಚ್ಚಾರಣೆ ಕಲಿತಿದ್ದಾರೆ. ಓದಲು ಬರುವುದು ಬೇರೆ, ಭಾಷೆ ಬರುವುದು ಬೇರೆ, ಅದು ನಿಜ. ಆದರೆ ಬೇರೆಯವರು ಮೊದಲಿನಿಂದ ಹತ್ತಬೇಕಾದ ಮೆಟ್ಟಿಲನ್ನು ಇವರು ಆಗಲೇ ಹತ್ತಿದ್ದಾರೆ. ಇನ್ನೆರಡು ವರ್ಷ ವ್ಯಾಕರಣ, ಸಂಭಾಷಣೆ ಕಲಿತರೆ ಭಾಷಾಂತರಕಾರರಾಗಿ, ವಿದೇಶಿ ಕಂಪನಿಗಳ ಕಚೇರಿಗಳಲ್ಲಿ ಕೂಡ ಕೆಲಸವಿದೆ. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪದವಿಮಟ್ಟದ ಪರೀಕ್ಷೆ ಬರೆದು ವಿದೇಶಾಂಗ ಸಚಿವಾಲಯದಲ್ಲಿ ಸಹಾಯಕ ಸೆಕ್ಷನ್ ಅಧಿಕಾರಿಯಾಗುವ ದಾರಿಯೂ ಇದೆ. ಎಲ್ಲರೂ ರಾಯಭಾರಿಯೇ ಆಗಬೇಕಿಲ್ಲ.

ಇಷ್ಟು ದೂರ ಓದಲಾಗದ ಮಕ್ಕಳ ತಂದೆತಾಯಿಗೂ ಒಂದು ಮಾತು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗಕ್ಕೆ ಬರುತ್ತದೆ. ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ ಸರ್ಕಾರ ಪಟ್ಟಿಮಾಡಿದ ದೇಶಗಳಿಗೆ ದುಡಿಯಲು ಹೋಗಬೇಕಾದರೆ ಅವರು ವಲಸೆ ಅನುಮತಿ ಪಡೆಯಬೇಕು. ಅಂಥ ಪಾಸ್‌ಪೋರ್ಟಿನ ಹೆಂಗಸರಿಗೆ 30 ವರ್ಷದ ವಯೋಮಿತಿಯೂ ಇದೆ. ಈ ಅನುಮತಿ ತಪ್ಪಿಸಿ ವಿಸಿಟ್ ವೀಸಾದಲ್ಲಿ ಕಳಿಸುವ ಏಜೆಂಟರ ಕೈಗೆ ಸಿಕ್ಕವರ ಕಥೆಗಳು ನಿಮಗೆ ನಮಗಿಂತ ಹೆಚ್ಚು ಗೊತ್ತು. ಹತ್ತನೇ ತರಗತಿ ಪಾಸಾದವರು ಈ ತೊಡಕಿನಿಂದ ಪಾರಾಗುತ್ತಾರೆ. ಒಂದು ಅಂಕಪಟ್ಟಿಗೆ ಅಷ್ಟು ಬೆಲೆಯಿದೆ. ಆದ್ದರಿಂದ ಒಂಬತ್ತನೇ ತರಗತಿಗೆ ಯಾರನ್ನೂ ಬಿಡಿಸಬೇಡಿ, ಗಂಡಾಗಲಿ ಹೆಣ್ಣಾಗಲಿ.

ದಾನಿಗಳಲ್ಲಿ ನಮ್ಮ ವಿನಂತಿ ಒಂದೇ. ನಿಮ್ಮ ಝಕಾತ್, ಸದಕಾದ ಹಣ ಫೀಸಿಗೆ, ಪುಸ್ತಕಕ್ಕೆ, ಸಮವಸ್ತ್ರಕ್ಕೆ ಹೋಗುತ್ತಿದೆ. ಅಲ್ಲಾಹನು ಅದಕ್ಕೆ ತಕ್ಕ ಪ್ರತಿಫಲ ಕೊಡಲಿ. ಆದರೆ ಪದವಿ ಮುಗಿದ ದಿನವೇ ಸಹಾಯವೂ ಮುಗಿದರೆ, ಇಂಥ ಪರೀಕ್ಷೆಗೆ ಕೂರುವ ಹುಡುಗಿ ಅಲ್ಲೇ ನಿಲ್ಲುತ್ತಾಳೆ. ಪದವಿಗೂ ಕೆಲಸಕ್ಕೂ ನಡುವೆ ಒಂದೆರಡು ವರ್ಷದ ಖಾಲಿ ಜಾಗವಿದೆ. ಹಾಸ್ಟೆಲ್, ಕೋಚಿಂಗ್, ಪರೀಕ್ಷೆಗೆ ಹೋಗಿಬರುವ ಖರ್ಚು ಎಲ್ಲ ಆ ಜಾಗದಲ್ಲೇ ಬರುತ್ತದೆ. ಮನೆಯವರು ಮದುವೆಯ ಒತ್ತಾಯ ಮಾಡುವುದೂ ಆಗಲೇ. ಆ ಎರಡು ವರ್ಷಕ್ಕೆ ಒಬ್ಬಳು ಹುಡುಗಿಯನ್ನಾದರೂ ಕೈಹಿಡಿದು ನಡೆಸುವ ವ್ಯವಸ್ಥೆ ಈ ಟ್ರಸ್ಟಿನಲ್ಲಿ ಆಗಲಿ. ಹತ್ತು ಜನ ಸೇರಿ ಒಬ್ಬಳ ಹೊಣೆ ಹೊತ್ತರೆ ಯಾರಿಗೂ ಭಾರವಾಗುವುದಿಲ್ಲ. ಅವಳು ಆಯ್ಕೆಯಾಗದಿದ್ದರೂ ನಷ್ಟವಿಲ್ಲ. ಅಷ್ಟು ಓದಿದವಳು ಬೇರೆ ಯಾವ ಪರೀಕ್ಷೆಯಲ್ಲಾದರೂ ದಡ ಸೇರುತ್ತಾಳೆ, ತನ್ನ ಓಣಿಯ ಹತ್ತು ಮಕ್ಕಳಿಗೆ ದಾರಿ ಹೇಳುತ್ತಾಳೆ.

ವಿದ್ಯಾರ್ಥಿವೇತನದ ಅರ್ಜಿಯ ವಿವರಗಳು ಈ ವರದಿಯ ಕೊನೆಯ ಪುಟದಲ್ಲಿವೆ. ಅರ್ಜಿಯಲ್ಲಿ ಮುಂದಿನ ಗುರಿ ಏನು ಎಂದು ಕೇಳುವ ಒಂದು ಕಾಲಂ ಇದೆ. ಮಕ್ಕಳೇ, ಅದನ್ನು ಪಕ್ಕದವರದು ನೋಡಿ ತುಂಬಬೇಡಿ. ನಿಮಗೆ ನಿಜವಾಗಿ ಏನಾಗಬೇಕೋ ಅದನ್ನೇ ಬರೆಯಿರಿ. ತಂದೆತಾಯಂದಿರೇ, ಮಗಳು ಬರೆದದ್ದನ್ನು ಓದಿ ನಗಬೇಡಿ, ಇದು ಹೇಗೆ ಸಾಧ್ಯ ಎಂದು ಅವಳ ಜೊತೆ ಕುಳಿತು ಯೋಚಿಸಿ.

ಈ ಮಕ್ಕಳ ಓದಿನಲ್ಲಿ ಅಲ್ಲಾಹನು ಬರಕತ್ ಕೊಡಲಿ, ಕೊಟ್ಟವರ ಸಂಪತ್ತಿನಲ್ಲಿ ವೃದ್ಧಿ ಕೊಡಲಿ.